ಏರುದಾರಿಗೊಂದು ಸೈಕಲ್: ಹೊಸದೋ, ದುರಸ್ತಾದ ಹಳೆಯದೋ?

(ಬಳಗದ ಜೂನ್ ತಿಂಗಳ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಜೂನ್ 3 ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆಯು 2018ರಲ್ಲಿ ಇದನ್ನು ಘೋಷಿಸಿತು. ನಮ್ಮಲ್ಲಿ ಶಾಲೆಗಳು ತೆರೆಯುವುದೂ, ಮುಂಗಾರು ಘಟ್ಟದ ಅಂಚಿಗೆ ಬಂದು ನಿಲ್ಲುವುದೂ ಇದೇ ದಿನಗಳಲ್ಲಿ. ಮಕ್ಕಳ ಪುಸ್ತಕ, ಕೊಡೆ, ಚಪ್ಪಲಿಗಳ ಜೊತೆಗೆ ಸೈಕಲ್ಲಿನ ಮಾತೂ ಅನೇಕ ಮನೆಗಳಲ್ಲಿ ಏಳುವ ಕಾಲವಿದು. ಆದುದರಿಂದ ಮಲೆನಾಡಿನ ಸಾಧಾರಣ ಕುಟುಂಬವೊಂದು ನಿತ್ಯದ ಬಳಕೆಗೆ ಎಂತಹ ಸೈಕಲ್ಲನ್ನು ಆರಿಸಿಕೊಳ್ಳಬೇಕು, ಹೊಸದನ್ನು ಕೊಳ್ಳಬೇಕೋ ಹಳೆಯದನ್ನು ದುರಸ್ತಿ ಮಾಡಿಸಬೇಕೋ ಎಂಬ ಒಂದೇ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡಲು ಬಯಸುತ್ತೇನೆ.

ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದವನು. ಅದನ್ನು ಮೊದಲು ಹೇಳಿಬಿಡುವುದು ನ್ಯಾಯ.

2022ರ ಜೂನ್ ತಿಂಗಳು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಂದೆ ನಮ್ಮ ಮನೆಗೆ ಬಂದಿದ್ದರು. ಅವರ ಮನೆಯಿಂದ ಶಾಲೆಗೆ ಐದು ಕಿಲೋಮೀಟರ್. ನಡುವೆ ಒಂದು ಉದ್ದನೆಯ ಏರು, ಅದರಾಚೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಹಳ್ಳಕ್ಕೆ ಕಟ್ಟಿದ ಮೋರಿ. ಬೆಳಗಿನ ಬಸ್ಸು ಶಾಲೆಗಿಂತ ಬಹಳ ಮೊದಲು, ಸಂಜೆಯ ಬಸ್ಸು ಕತ್ತಲಾದ ಮೇಲೆ. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಸಿಗುತ್ತಿದ್ದ ಉಚಿತ ಸೈಕಲ್ಲಿನ ವಿತರಣೆ ಕೋವಿಡ್ ಬಂದ 2020ರಲ್ಲಿ ನಿಂತುಹೋಗಿತ್ತು. “ದೊಡ್ಡವಳಿಗೆ ಶಾಲೆಯಲ್ಲಿ ಕೊಟ್ಟ ಸೈಕಲ್ಲು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿದೆ ಮೇಷ್ಟ್ರೆ. ಅದನ್ನೇ ಸರಿ ಮಾಡಿಸಲೋ, ಹೊಸದು ತರಲೋ?” ಎಂದು ಅವರು ಕೇಳಿದರು. ನಾನು ಯೋಚಿಸದೆ ಹೇಳಿದೆ: “ತುಕ್ಕು ಹಿಡಿದದ್ದು ಯಾಕೆ? ಏರುದಾರಿಯಲ್ಲವೆ, ಹೊಸ ಗೇರ್ ಸೈಕಲ್ಲನ್ನೇ ಕೊಡಿಸಿ.”

ಅವರು ಕೊಡಿಸಿದರು. ಮುಂದೆಯೂ ಹಿಂದೆಯೂ ಸ್ಪ್ರಿಂಗು, ದಪ್ಪ ಟೈರು, ಕಣ್ಣು ಕೋರೈಸುವ ಬಣ್ಣ. ಇಷ್ಟೆಲ್ಲ ಇದ್ದೂ ಕೈಗೆಟುಕುವ ಬೆಲೆ. ಆಗಸ್ಟ್ ಹೊತ್ತಿಗೆ ಗೇರಿನ ವಯರು ತುಕ್ಕು ಹಿಡಿದು ಗೇರು ಒಂದೇ ಹಲ್ಲಿಗೆ ಕಚ್ಚಿಕೊಂಡಿತು. ಬ್ರೇಕು ಬಿಗಿಯಾಗುತ್ತ ಬಂತು. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ಆ ಇಳಿಜಾರಿನಲ್ಲಿ ಹುಡುಗಿ ಎರಡೂ ಬ್ರೇಕು ಹಿಡಿದಳು, ಸೈಕಲ್ಲು ನಿಲ್ಲಲಿಲ್ಲ. ಮೋರಿಯ ಕಟ್ಟೆಗೆ ಬಡಿದು ಬಿದ್ದಳು. ಎಡಗೈ ಮುರಿಯಿತು. ಆರು ವಾರ ಪ್ಲಾಸ್ಟರ್, ಅರ್ಧವಾರ್ಷಿಕ ಪರೀಕ್ಷೆ ತಪ್ಪಿತು. ನಾನು ನೋಡಲು ಹೋದಾಗ ಅವಳ ತಂದೆ, “ನೀವು ಹೇಳಿದ್ರಿ ಅಂತ ತಗೊಂಡೆ ಮೇಷ್ಟ್ರೆ” ಎಂದಷ್ಟೇ ಹೇಳಿದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಸೈಕಲ್ಲನ್ನು ಜೀಪಿನಲ್ಲಿ ಹಾಕಿಕೊಂಡು ಪೇಟೆಯ ಹಳೆಯ ಸೈಕಲ್ ಶಾಪಿನ ಸಾಹೇಬರ ಬಳಿಗೆ ಹೋದೆ. ಅವರು ಅದನ್ನು ಬೋರಲು ನಿಲ್ಲಿಸಿ ಒಂದೊಂದನ್ನೇ ತೋರಿಸಿದರು. ಉಕ್ಕಿನ ರಿಮ್ಮು, ಅದರ ಮೇಲೆ ಹೊಳೆಯುವ ಲೇಪ. ಬ್ರೇಕಿನ ರಬ್ಬರು ಕಲ್ಲಿನಂತೆ ಗಟ್ಟಿ. ಅದೂ ಒಂದು ತುದಿ ಮಾತ್ರ ರಿಮ್ಮಿಗೆ ತಾಗುತ್ತಿತ್ತು. ವಯರಿನೊಳಗೆ ಎಣ್ಣೆಯ ಹನಿಯೂ ಬಿದ್ದಿರಲಿಲ್ಲ. “ಹೊಸ ಸೈಕಲ್ಲು ಅಂಗಡಿಗೆ ಬಿಡಿಬಿಡಿಯಾಗಿ ಬರ್ತದೆ ಮೇಷ್ಟ್ರೆ. ಜೋಡಿಸಿದ ಕೈ ಯಾವುದು ಅಂತ ಯಾರೂ ಕೇಳೋದಿಲ್ಲ” ಎಂದರು. ಹಿಂದಿನ ಸ್ಪ್ರಿಂಗಿನ ಬುಷ್ ಸವೆದಿತ್ತು. ಅದರ ಬದಲಿ ಭಾಗ ತಮ್ಮಲ್ಲಿಲ್ಲ, ತರಿಸುವ ದಾರಿಯೂ ಗೊತ್ತಿಲ್ಲ ಎಂದರು. ಕೊಂಡು ಮೂರು ತಿಂಗಳಾಗಿರಲಿಲ್ಲ.

ಅಂದಿನಿಂದ ನಾನು ಸೈಕಲ್ಲನ್ನು ಬೇರೆ ಕಣ್ಣಿನಿಂದ ನೋಡಲು ಕಲಿತೆ. ಬೆಟ್ಟದ ಊರಿನವರು ಯಾವ ಸೈಕಲ್ಲಿಗಾದರೂ ನಾಲ್ಕು ಪ್ರಶ್ನೆ ಕೇಳಬೇಕು: ಅದು ನಿಲ್ಲುತ್ತದೆಯೆ? ಏರುತ್ತದೆಯೆ? ಹೊರುತ್ತದೆಯೆ? ನಮ್ಮ ಊರಿನಲ್ಲಿ ದುರಸ್ತಿಯಾಗುತ್ತದೆಯೆ?

ನಾಲ್ಕು ಪ್ರಶ್ನೆಗಳು

ಮೊದಲನೆಯದು ನಿಲ್ಲುವುದು. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೀರುತ್ತದೆ. ಅಷ್ಟಲ್ಲದಿದ್ದರೂ ನಮ್ಮೆಲ್ಲರ ಊರುಗಳಲ್ಲಿ ನಾಲ್ಕು ತಿಂಗಳು ರಿಮ್ಮು ಒದ್ದೆಯಾಗಿಯೇ ಇರುತ್ತದೆ. ಹೊಳಪು ಲೇಪದ ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರಿನ ಹಿಡಿತ ಬಹಳ ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಹಿಡಿತ ಅದಕ್ಕಿಂತ ಎಷ್ಟೋ ಉತ್ತಮ. ಎರಡನ್ನೂ ಗುರುತಿಸುವುದು ಸುಲಭ. ವಿದ್ಯಾರ್ಥಿಗಳೇ, ಅಯಸ್ಕಾಂತದ ಒಂದು ತುಂಡನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ರಿಮ್ಮಿಗೆ ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ವಯರ್ ಬ್ರೇಕಿನ ಸೈಕಲ್ಲಾದರೆ ಅಳತೆ ನೋಡಿ ಅಲ್ಯೂಮಿನಿಯಂ ರಿಮ್ಮು ಹಾಕಿಸಬಹುದು. ಹಳೆಯ ಕಂಬಿ ಬ್ರೇಕಿನ ಸೈಕಲ್ಲಿನ ರಬ್ಬರು ರಿಮ್ಮಿನ ಒಳಬದಿಯನ್ನು ಒತ್ತುತ್ತದೆ; ಅದಕ್ಕೆ ಅದರದೇ ಆಕಾರದ ರಿಮ್ಮು ಬೇಕು. ಅಂತಹ ಸೈಕಲ್ಲನ್ನು ಸಮತಟ್ಟಾದ ದಾರಿಗೆ ಇಟ್ಟುಕೊಳ್ಳಿ, ಮಳೆಗಾಲದ ಇಳಿಜಾರಿಗೆ ಒಯ್ಯಬೇಡಿ. ಯಾವ ಬ್ರೇಕಾದರೂ ಇಳಿಜಾರು ತೊಡಗುವ ಮೊದಲೇ ಒಮ್ಮೆ ಮೆಲ್ಲಗೆ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಿ.

ಎರಡನೆಯದು ಏರುವುದು. ಸಾದಾ ಸೈಕಲ್ಲಿನ ಪೆಡಲಿನ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಎಂದಿಟ್ಟುಕೊಳ್ಳಿ. 28 ಅಂಗುಲದ ಗಾಲಿಯಾದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಬಯಲುಸೀಮೆಗೆ ಇದು ಸರಿ, ನಮ್ಮ ಏರಿಗೆ ಭಾರ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿದರೆ ಅದೇ ಸುತ್ತಿಗೆ ಸುಮಾರು ನಾಲ್ಕೂವರೆ ಮೀಟರ್ ಸಾಗುತ್ತದೆ; ಕಾಲಿಗೆ ಬೀಳುವ ಭಾರ ಹೆಚ್ಚುಕಡಿಮೆ ಐದನೇ ಒಂದು ಪಾಲು ಇಳಿಯುತ್ತದೆ. ಬದಲಿಸುವಾಗ ಚೈನಿಗೆ ಒಂದು ಕೊಂಡಿ ಸೇರಿಸಬೇಕಾದೀತು, ಅಷ್ಟೆ. ಇದು ಹೊಸ ಗೇರ್ ಸೈಕಲ್ಲಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಖರ್ಚು. ಅದಕ್ಕೂ ಮೀರಿದ ಏರು ಪ್ರತಿದಿನವೂ ಇದ್ದರೆ ಮಾತ್ರ ಹಿಂದಿನ ಗಾಲಿಯಲ್ಲಿ ಆರೇಳು ಹಲ್ಲುಚಕ್ರಗಳಿರುವ ಗೇರ್ ಸೈಕಲ್ಲನ್ನು ಯೋಚಿಸಿ. ಇನ್ನು, ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋಗುವುದು ಅವಮಾನವೆಂದು ಮಕ್ಕಳು ಭಾವಿಸಬೇಕಾಗಿಲ್ಲ. ನಮ್ಮ ಹಿರಿಯರೆಲ್ಲ ಹಾಗೆಯೇ ಘಟ್ಟ ಹತ್ತಿದವರು.

ಮೂರನೆಯದು ಹೊರುವುದು. ನಮ್ಮ ಸೈಕಲ್ಲು ಬೆಳಿಗ್ಗೆ ಡೇರಿಗೆ ಹಾಲು ಒಯ್ಯಬೇಕು, ಆಮೇಲೆ ಶಾಲೆಗೆ ಹೋಗಬೇಕು, ಸಂಜೆ ರೇಷನ್ ಅಕ್ಕಿಯನ್ನೋ ಹುಲ್ಲಿನ ಹೊರೆಯನ್ನೋ ತರಬೇಕು. ಹಿಂದೆ ಸ್ಪ್ರಿಂಗ್ ಇರುವ ಸೈಕಲ್ಲಿಗೆ ಗಟ್ಟಿ ಕ್ಯಾರಿಯರ್ ಕೂಡಿಸುವುದು ಕಷ್ಟ. ಸ್ಪ್ರಿಂಗು ತೂಕವನ್ನು ಹೆಚ್ಚಿಸುವುದಲ್ಲದೆ, ಏರಿನಲ್ಲಿ ತುಳಿದ ಬಲದ ಒಂದು ಪಾಲನ್ನು ತಾನೇ ನುಂಗುತ್ತದೆ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ದಾಖಲಿಸಿದ್ದಾರೆ. ಲೇಡೀಸ್ ಸೈಕಲ್ಲುಗಳು ಸಾಲದೆ ಬಂದಾಗ ಆ ಹೆಂಗಸರು ಜೆಂಟ್ಸ್ ಸೈಕಲ್ಲುಗಳನ್ನೇ ಕೊಂಡರು. ಅನೇಕರಿಗೆ ಅದೇ ಹೆಚ್ಚು ಮೆಚ್ಚುಗೆಯಾಯಿತು, ಏಕೆಂದರೆ ಮುಂದಿನ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತು. ಕೆಲಸ ತಿಳಿದವರು ವಸ್ತುವನ್ನು ಆರಿಸುವ ರೀತಿ ಇದು.

ಎತ್ತರವೂ ಇದೇ ಪ್ರಶ್ನೆಗೆ ಸೇರಿದ್ದು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಇಳಿದು ನಿಂತಾಗ ಅಡ್ಡಕಂಬಿ ತಾಗಬಾರದು. ‘ಮುಂದೆ ಬೆಳೆಯುತ್ತಾನೆ’ ಎಂದು ಎತ್ತರದ ಸೈಕಲ್ಲು ಕೊಡಿಸಿದರೆ ಮಗ ಎರಡು ವರ್ಷ ಒಳಪೆಡಲು ತುಳಿಯುತ್ತಾನೆ. ಇಳಿಜಾರಿನಲ್ಲಿ ಅದು ಅಪಾಯ.

ನಾಲ್ಕನೆಯದು ದುರಸ್ತಿ. ಕೊಳ್ಳುವ ಮೊದಲು ಟೈರಿನ ಬದಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಿ. 40-635 ಎಂದಿದ್ದರೆ ಅದು ಹಳೆಯ 28 ಅಂಗುಲದ ಗಾಲಿ. 37-590 ಎಂದಿದ್ದರೆ 26 ಅಂಗುಲದ ಸಾದಾ ಗಾಲಿ. ಎರಡನೆಯ ಅಂಕಿ 559 ಆಗಿದ್ದರೆ ಅದೂ 26 ಅಂಗುಲದ್ದೇ, ಆದರೆ ದಪ್ಪ ಟೈರಿನ ಜಾತಿ. ಹೆಸರಿಗೆ ಎರಡೂ 26 ಅಂಗುಲವಾದರೂ ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಆ ಅಂಕಿಯನ್ನು ಬರೆದುಕೊಂಡು ನಿಮ್ಮ ಹತ್ತಿರದ ಸೈಕಲ್ ಶಾಪಿಗೆ ಹೋಗಿ, “ಈ ಟೈರು, ಈ ಬ್ರೇಕಿನ ರಬ್ಬರು ನಿಮ್ಮಲ್ಲಿ ಸಿಗುತ್ತದೆಯೆ?” ಎಂದು ಕೇಳಿ. ಇಲ್ಲವೆಂದರೆ ಆ ಸೈಕಲ್ಲನ್ನು ಕೊಳ್ಳಬೇಡಿ, ಅದೆಷ್ಟೇ ಸುಂದರವಾಗಿರಲಿ.

ಹಳೆಯದನ್ನು ನೋಡುವ ಬಗೆ

ಹಳೆಯ ಸೈಕಲ್ಲೆಂದರೆ ಬಣ್ಣ ಬಳಿದ ಸೈಕಲ್ಲಲ್ಲ. ಹೊಸ ಬಣ್ಣ ಕಂಡರೆ ಇನ್ನಷ್ಟು ಹುಷಾರಾಗಿ ನೋಡಬೇಕು. ಸೈಕಲ್ಲಿನಲ್ಲಿ ಎರಡು ಬಗೆಯ ಭಾಗಗಳಿವೆ. ಟೈರು, ಟ್ಯೂಬು, ಚೈನು, ಫ್ರೀವೀಲು, ಬ್ರೇಕಿನ ರಬ್ಬರು, ವಯರು, ಬೇರಿಂಗಿನ ಗೋಲಿಗಳು ಸವೆಯುವುದಕ್ಕೆಂದೇ ಇರುವಂಥವು. ಅವನ್ನು ಬದಲಿಸಿದರೆ ಮುಗಿಯಿತು. ಚೌಕಟ್ಟು ಮತ್ತು ಫೋರ್ಕು ಹಾಗಲ್ಲ. ಅವು ಕೆಟ್ಟಿದ್ದರೆ ಸೈಕಲ್ಲೇ ಕೆಟ್ಟಂತೆ.

ಹ್ಯಾಂಡಲಿನ ಕೆಳಗೆ ಚೌಕಟ್ಟಿನ ಕೊಳವೆಗಳು ಕೂಡುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಬಣ್ಣ ಸುಕ್ಕಾಗಿದ್ದರೆ, ಉಬ್ಬಿದ್ದರೆ ಅದು ಎಲ್ಲೋ ಗುದ್ದಿದ ಸೈಕಲ್ಲು. ಬದಿಯಿಂದ ನೋಡಿದಾಗ ಫೋರ್ಕು ಹಿಂದಕ್ಕೆ ಬಾಗಿದ್ದರೂ ಅದೇ ಅರ್ಥ. ಪೆಡಲಿನ ಅಚ್ಚು ಕೂರುವ ಕೊಳವೆಯ ತಳವನ್ನು ನೋಡಿ. ಮಳೆಯ ನೀರು ನಿಲ್ಲುವುದು ಅಲ್ಲಿಯೇ. ನಾಣ್ಯದಿಂದ ತಟ್ಟಿದಾಗ ಮೊಂಡು ಸದ್ದು ಬಂದರೆ, ತುಕ್ಕು ಹಕ್ಕಳೆಯಾಗಿ ಉದುರಿದರೆ ಬಿಟ್ಟುಬಿಡಿ. ಮೇಲ್ಮೈಯ ಕೆಂಪು ತುಕ್ಕಿಗೆ ಮಾತ್ರ ಹೆದರಬೇಕಾಗಿಲ್ಲ, ಅದು ಉಜ್ಜಿದರೆ ಹೋಗುತ್ತದೆ. ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದೆಯೆ ಎಂದು ಪರೀಕ್ಷಿಸಿ. ತುಕ್ಕಿನಿಂದ ಬೆಸೆದುಕೊಂಡಿದ್ದರೆ ಅದನ್ನು ಬಿಡಿಸುವುದು ದೊಡ್ಡ ಕೆಲಸ. ಗಾಲಿಯನ್ನು ಎತ್ತಿ ತಿರುಗಿಸಿ. ಅಲ್ಪ ಓಲಾಟವಿದ್ದರೆ ಕಡ್ಡಿಗಳನ್ನು ಬಿಗಿದು ಬೆಂಡ್ ತೆಗೆಯಬಹುದು. ರಿಮ್ಮಿಗೆ ಪೆಟ್ಟು ಬಿದ್ದು ತಗ್ಗಾಗಿದ್ದರೆ ಬದಲಿಸಬೇಕು.

ಚೈನನ್ನು ಅಳೆಯಲು ನಿಮ್ಮ ಕಂಪಾಸ್ ಪೆಟ್ಟಿಗೆಯ ಜೊತೆಗಿರುವ ಉದ್ದನೆಯ ಸ್ಕೇಲು ಸಾಕು. ಒಂದು ಪಿನ್ನಿನ ನಡುವನ್ನು ಸೊನ್ನೆಗೆ ಹಿಡಿದರೆ ಸರಿಯಾಗಿ 12 ಅಂಗುಲದ ಗೆರೆಯ ಮೇಲೆ ಮತ್ತೊಂದು ಪಿನ್ನಿನ ನಡು ಬರಬೇಕು. ಅದು ಎಂಟನೇ ಒಂದು ಅಂಗುಲ ಮುಂದೆ ಹೋಗಿದ್ದರೆ ಚೈನನ್ನೂ, ಜೊತೆಗೆ ಫ್ರೀವೀಲನ್ನೂ ಬದಲಿಸಬೇಕೆಂದು ಲೆಕ್ಕ ಹಾಕಿಕೊಳ್ಳಿ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಸೈಕಲ್ಲಿಗೆ ಕೊಡುವ ಹಣ, ಬದಲಿಸುವ ಭಾಗಗಳ ಬೆಲೆ, ಕೂಲಿ. ಮೂರೂ ಸೇರಿ ಹೊಸ ಸಾದಾ ಸೈಕಲ್ಲಿನ ಅರ್ಧ ಬೆಲೆಯೊಳಗೆ ಇದ್ದರೆ ಹಳೆಯದನ್ನು ಧೈರ್ಯವಾಗಿ ಕೊಳ್ಳಿ. ಮುಕ್ಕಾಲು ಮುಟ್ಟಿದರೆ ಹೊಸದೇ ವಾಸಿ. ಇನ್ನೊಬ್ಬರಿಂದ ಕೊಳ್ಳುವಾಗ ಚೌಕಟ್ಟಿನ ಮೇಲೆ ಕೊರೆದಿರುವ ನಂಬರನ್ನು ಬರೆದು ಮಾರಿದವರ ರುಜು ಪಡೆಯಿರಿ. ಕದ್ದ ಮಾಲು ನಿಮ್ಮ ಮಗುವಿನ ಕೈಗೆ ಬರಬಾರದು.

ಹೊಸದು ಯಾವಾಗ ಸರಿ?

ಹೊಸದನ್ನು ಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ಗಟ್ಟಿ ಚೌಕಟ್ಟಿನ ಹಳೆಯದು ಸಿಗದಿದ್ದಾಗ, ಅಳತೆ ಹೊಂದದಿದ್ದಾಗ, ದಿನವೂ ಕಡಿದಾದ ಘಟ್ಟ ಇಳಿಯಬೇಕಾಗಿದ್ದು ಹಳೆಯದಕ್ಕೆ ಒಳ್ಳೆಯ ಬ್ರೇಕು ಕೂಡಿಸಲು ಆಗದಿದ್ದಾಗ ಹೊಸದೇ ಬೇಕು. ಆಗ ಸ್ಪ್ರಿಂಗಿಲ್ಲದ ಉಕ್ಕಿನ ಚೌಕಟ್ಟು, ಅಲ್ಯೂಮಿನಿಯಂ ರಿಮ್ಮು, ವಯರ್ ಬ್ರೇಕು, ಪೂರ್ತಿ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಇರುವುದನ್ನು ಆರಿಸಿ. ನಿಮ್ಮ ಕಣ್ಣೆದುರೇ ಜೋಡಿಸಲು ಹೇಳಿ. ಬ್ರೇಕಿನ ರಬ್ಬರು ರಿಮ್ಮಿಗೆ ಪೂರ್ತಿ ತಾಗುವುದನ್ನು ನೋಡಿಕೊಂಡೇ ಹಣ ಕೊಡಿ. ಮೊದಲ ತಿಂಗಳಲ್ಲಿ ವಯರು ಸಡಿಲವಾಗುತ್ತದೆ, ಕಡ್ಡಿಗಳು ಇಳಿಯುತ್ತವೆ; ಮತ್ತೊಮ್ಮೆ ಬಿಗಿ ಮಾಡಿಕೊಡುವಂತೆ ಅಂಗಡಿಯವರಿಂದ ಮೊದಲೇ ಮಾತು ಪಡೆಯಿರಿ.

ಪರಿಸರದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕೋಣ. ಸಾದಾ ಸೈಕಲ್ಲಿನ ತೂಕ ಸುಮಾರು 20 ಕಿಲೋ, ಅದರ ಬಹುಪಾಲು ಉಕ್ಕು. ಒಂದು ಕಿಲೋ ಉಕ್ಕಿನ ತಯಾರಿಯಲ್ಲಿ ಸುಮಾರು ಎರಡು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎಂದರೆ ಒಂದು ಸೈಕಲ್ಲಿನ ಉಕ್ಕಿಗೆ ನಲವತ್ತು ಕಿಲೋದಷ್ಟು. ಇನ್ನು ಶಾಲೆಗೆ ದಿನಕ್ಕೆ ಹತ್ತು ಕಿಲೋಮೀಟರ್ ಸ್ಕೂಟರಿನಲ್ಲಿ ಬಿಟ್ಟು ಕರೆತಂದರೆ, 200 ದಿನಕ್ಕೆ 2,000 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಎಂದರೂ 40 ಲೀಟರ್ ಪೆಟ್ರೋಲ್. ಒಂದು ಲೀಟರ್ ಉರಿದಾಗ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಒಟ್ಟು 92 ಕಿಲೋ. ಆದುದರಿಂದ ಹೊಸ ಸೈಕಲ್ಲಾದರೂ ಅದು ನಿಜವಾಗಿ ಓಡಿದರೆ ಒಂದೇ ವರ್ಷದಲ್ಲಿ ತನ್ನ ಋಣ ತೀರಿಸುತ್ತದೆ. ಮೂರು ತಿಂಗಳಲ್ಲಿ ಮೂಲೆ ಸೇರುವ ಸೈಕಲ್ಲು, ಅದು ಹೊಸದಾಗಲಿ ಹಳೆಯದಾಗಲಿ, ಆ ಋಣವನ್ನು ಎಂದೂ ತೀರಿಸುವುದಿಲ್ಲ. ಬಳಕೆಯಲ್ಲಿ ಉಳಿಯುವ ಸೈಕಲ್ಲೇ ಅಗ್ಗದ ಸೈಕಲ್ಲು, ಅದೇ ಪರಿಸರದ ಸೈಕಲ್ಲು.

ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ಕುದುರೆಮುಖದ ಹೋರಾಟದಲ್ಲಿ ನಡೆದವರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಭದ್ರೆಗೆ ಹೂಳು ಹರಿಯುವುದನ್ನು ಕಣ್ಣಾರೆ ಕಂಡ ನಾವು, ಕಬ್ಬಿಣವೆಂದರೆ ಯಾವುದೋ ಬೆಟ್ಟದ ಮೈ ಎಂಬುದನ್ನು ಮರೆಯಲಾಗದು. ಗಣಿ ಬೇಡವೆಂದವರ ಕೊಟ್ಟಿಗೆಗಳಲ್ಲಿಯೇ ಒಳ್ಳೆಯ ಉಕ್ಕಿನ ಚೌಕಟ್ಟುಗಳು ಗುಜರಿಯವನಿಗಾಗಿ ಕಾಯುತ್ತಿರುವುದು ನಮಗೆ ಶೋಭಿಸುವುದಿಲ್ಲ.

ಕೊನೆಯ ಮಾತು

ಆ ಹುಡುಗಿಯ ಕೈ ಕೂಡಿದ ಮೇಲೆ ಅವಳ ಅಕ್ಕನ ಸೈಕಲ್ಲನ್ನು ಕೊಟ್ಟಿಗೆಯಿಂದ ಈಚೆಗೆ ತಂದೆವು. ಚೌಕಟ್ಟು ಗಟ್ಟಿಯಾಗಿತ್ತು. ಸಾಹೇಬರು ಶಿವಮೊಗ್ಗದಿಂದ ಅಲ್ಯೂಮಿನಿಯಂ ರಿಮ್ಮು ತರಿಸಿದರು. ಟೈರು, ಟ್ಯೂಬು, ಚೈನು, 22 ಹಲ್ಲಿನ ಫ್ರೀವೀಲು, ಮೃದುವಾದ ಬ್ರೇಕಿನ ರಬ್ಬರು ಹಾಕಿದರು. ಒಟ್ಟು ಖರ್ಚು ಆ ಹೊಸ ಸೈಕಲ್ಲಿನ ಬೆಲೆಯ ಅರ್ಧವನ್ನೂ ಮುಟ್ಟಲಿಲ್ಲ. ಮೊದಲ ಎರಡು ವಾರ ಹುಡುಗಿ ಇಳಿಜಾರಿನಲ್ಲಿ ಸೈಕಲ್ಲಿನಿಂದ ಇಳಿದು ನಡೆದಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಹತ್ತನೇ ತರಗತಿ ಮುಗಿಯುವವರೆಗೂ ಅದೇ ಸೈಕಲ್ಲಿನಲ್ಲಿ ಹೋಗಿಬಂದಳು. ಈಗ ಅದನ್ನು ಅವರ ಪಕ್ಕದ ಮನೆಯ ಹುಡುಗ ತುಳಿಯುತ್ತಿದ್ದಾನೆ. ಆ ಬಣ್ಣದ ಸೈಕಲ್ಲು ನಮ್ಮ ಮನೆಯ ಕೊಟ್ಟಿಗೆಯ ಗೋಡೆಗೆ ನೇತುಬಿದ್ದಿದೆ. ಸಲಹೆ ಕೇಳಲು ಬಂದವರಿಗೆ ಮೊದಲು ಅದನ್ನು ತೋರಿಸುತ್ತೇನೆ.

ಕಳೆದ ವರ್ಷ ಸಾಹೇಬರು ಅಂಗಡಿ ಮುಚ್ಚಿದರು. ಕಣ್ಣು ಮಂಜಾಗಿದೆ, ಮಗನಿಗೆ ಬೇರೆ ಉದ್ಯೋಗವಿದೆ. ಅವರ ಪಾನಾಗಳು, ಕಡ್ಡಿ ಬಿಗಿಯುವ ಚಾವಿ, ಗಾಲಿಯ ಬೆಂಡ್ ನೋಡುವ ಸ್ಟ್ಯಾಂಡು ಈಗ ನಮ್ಮ ಮನೆಯ ಜಗಲಿಯಲ್ಲಿವೆ. ಪಂಕ್ಚರು, ಬ್ರೇಕು, ಚೈನು ನನಗೆ ಬರುತ್ತದೆ. ಗಾಲಿಯ ಬೆಂಡ್ ತೆಗೆಯುವುದು ಇನ್ನೂ ಕೈಗೆ ಹತ್ತಿಲ್ಲ. ಸಾಹೇಬರು ತಿಂಗಳಿಗೆರಡು ಭಾನುವಾರ ಬಂದು ಕುಳಿತು, ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಆ ಸದ್ದಿನಿಂದಲೇ ಯಾವುದು ಸಡಿಲ ಎಂದು ಹೇಳುತ್ತಾರೆ. ಆ ಕಿವಿಯನ್ನು ಅವರಿಂದ ಪಡೆದುಕೊಳ್ಳಲು ನಮಗೆ ಇರುವ ಕಾಲ ಹೆಚ್ಚಿಲ್ಲ.

ಆದುದರಿಂದ ನನ್ನ ಕೋರಿಕೆ ಇಷ್ಟೆ. ಈ ವಾರವೇ ನಿಮ್ಮ ನಿಮ್ಮ ಅಟ್ಟ, ಕೊಟ್ಟಿಗೆಗಳನ್ನು ನೋಡಿ. ಗಟ್ಟಿ ಚೌಕಟ್ಟಿನ ಸೈಕಲ್ಲಿದ್ದರೆ ಮಳೆ ಹಿಡಿಯುವ ಮೊದಲು ನಮ್ಮ ಜಗಲಿಗೆ ತನ್ನಿ. ಪ್ರತಿ ಊರಿನಿಂದ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಹುಡುಗ ಒಬ್ಬಳು ಹುಡುಗಿ, ಭಾನುವಾರ ಬೆಳಿಗ್ಗೆ ಬರಲಿ. ಜೊತೆಗೆ ಒಂದು ಸ್ಕೇಲು, ಒಂದು ಅಯಸ್ಕಾಂತ ತರಲಿ. ಉಳಿದದ್ದು ಅಲ್ಲಿದೆ.